ಯಾವ ವಿಭಾಗ ಹಿಡಿಯಲಿ ಎಂದು ಕೇಳಿದ ಶಿರಸಿಯ ತಂಗಿಗೆ

ನೀವು ಬರೆದಿದ್ದು ಇಷ್ಟು: ಬಿಎಸ್ಸಿ ನರ್ಸಿಂಗ್ ಕೊನೆಯ ವರ್ಷ, ಎಲ್ಲರೂ ಐಸಿಯುಗೇ ಹೋಗು ಅಂತಾರೆ, ನಿಮಗೆ ಮಾತ್ರ ಇನ್ನೂ ಏನೂ ಹೊಳೆದಿಲ್ಲ. ಉಳಿದವರಿಗೆಲ್ಲ ಹೇಗೆ ಗೊತ್ತಾಯಿತು ಅಂತ ಕೇಳಿದ್ದೀರಿ. ನಾನು ಅಂಕೋಲಾ ಕಡೆಯವಳು, ಈಗ ಕಾರವಾರದಲ್ಲಿ ಡಯಾಲಿಸಿಸ್ ಸಿಸ್ಟರ್, ಅಂದರೆ ಕಿಡ್ನಿ ಕೆಟ್ಟವರ ರಕ್ತವನ್ನು ಮೆಷಿನಿನಲ್ಲಿ ಶುದ್ಧ ಮಾಡುವ ವಿಭಾಗದವಳು. ಕೊನೆಯ ವರ್ಷದಲ್ಲಿ ನನಗೂ ಏನೂ ಗೊತ್ತಿರಲಿಲ್ಲ. ಗೊತ್ತಿದೆ ಅಂದುಕೊಂಡಿದ್ದೆ, ಅದು ಬೇರೆ ಮಾತು.

ಆಗ ನನ್ನ ತಲೆಯಲ್ಲಿ ಇದ್ದದ್ದು ಐಸಿಯು ಒಂದೇ. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿತು. ವೆಂಟಿಲೇಟರ್, ಪಂಪ್, ಗಂಟೆಗೊಮ್ಮೆ ಮೂತ್ರದ ಲೆಕ್ಕ, ಎಲ್ಲ ಕಲಿತೆ. ಕೆಲಸ ಕೆಟ್ಟದಾಗೇನೂ ಮಾಡುತ್ತಿರಲಿಲ್ಲ. ಆದರೆ ಒಂದು ಚಟ ಹತ್ತಿತು. ರೋಗಿಯನ್ನು ವಾರ್ಡಿಗೆ ಶಿಫ್ಟ್ ಮಾಡಿದ ಮೇಲೆ, ಡ್ಯೂಟಿ ಮುಗಿದರೂ ರೂಮಿಗೆ ಹೋಗದೆ ಮೇಲಿನ ಮಹಡಿಗೆ ಹೋಗಿ ಇಣುಕುವುದು. ಊಟ ಮಾಡಿದರಾ, ಎದ್ದು ಕೂತರಾ ಅಂತ. ಅವರಿಗೆ ನನ್ನ ಗುರುತೇ ಇರುತ್ತಿರಲಿಲ್ಲ. ಐದು ದಿನ ಸಕ್ಷನ್ ಹಾಕಿ ಕಫ ತೆಗೆದವಳು ನಾನು, ಅವರು ನೋಡಿದರೆ "ಯಾರವ್ವಾ ನೀನು" ಅನ್ನುತ್ತಿದ್ದರು! ನಮ್ಮ ಇನ್‌ಚಾರ್ಜ್ ಸಿಸ್ಟರ್ ಕುಮಟಾದವರು. ಒಂದಿನ ನನ್ನನ್ನು ಮೆಟ್ಟಿಲ ಮೇಲೆ ಹಿಡಿದು ನಕ್ಕರು: "ನಿಂಗೆ ಐಸಿಯು ಅಲ್ಲ ಮಾರಾಯ್ತಿ, ನಿಂಗೆ ಧಾರಾವಾಹಿ ಬೇಕು."

ಅವರು ತಮಾಷೆಗೆ ಅಂದಿದ್ದು. ಆದರೆ ಅಲ್ಲಿಂದ ನಾನು ವಿಭಾಗಗಳನ್ನು ಹೃದಯ, ಮೆದುಳು, ಮೂಳೆ ಅಂತ ನೋಡುವುದು ಬಿಟ್ಟೆ. ರೋಗಿಯ ಜತೆ ಎಷ್ಟು ಹೊತ್ತಿನ ಪರಿಚಯ ಅಂತ ನೋಡುತ್ತೇನೆ. ಕ್ಯಾಶುಯಲ್ಟಿಯಲ್ಲಿ, ಅಂದರೆ ತುರ್ತು ವಿಭಾಗದಲ್ಲಿ, ಅರ್ಧ ಗಂಟೆ, ಒಂದು ಗಂಟೆ. ಒಟಿಯಲ್ಲಿ (ಆಪರೇಷನ್ ಥಿಯೇಟರ್) ರೋಗಿಗೆ ಹೆಚ್ಚಾಗಿ ಎಚ್ಚರವೇ ಇರಲ್ಲ, ಅಲ್ಲಿ ನಿಮ್ಮ ಪರಿಚಯ ಸರ್ಜನ್ ಕೈ ಜತೆ. ಲೇಬರ್ ರೂಮಿನಲ್ಲಿ ಒಂದು ರಾತ್ರಿ. ವಾರ್ಡಿನಲ್ಲಿ ಒಂದು ವಾರ. ಕ್ಯಾನ್ಸರ್, ಮಾನಸಿಕ ಆರೋಗ್ಯ, ಡಯಾಲಿಸಿಸ್, ಹಳ್ಳಿ ತಿರುಗುವ ಕೆಲಸ, ಇಲ್ಲೆಲ್ಲ ವರ್ಷಗಟ್ಟಲೆ.

ನನ್ನ ಗೆಳತಿಯೊಬ್ಬಳು ಘಟ್ಟದ ಮೇಲೆ ಕ್ಯಾಶುಯಲ್ಟಿಯಲ್ಲಿದ್ದಾಳೆ. ಅಡಿಕೆ ಕೊಯ್ಯಲು ಹತ್ತಿ ಮರದಿಂದ ಬಿದ್ದವರು, ಘಟ್ಟದ ತಿರುವಿನಲ್ಲಿ ಬೈಕ್ ಬೀಳಿಸಿಕೊಂಡವರು, ಹಾವು ಕಚ್ಚಿದವರು, ಎಲ್ಲ ಅವಳ ಪಾಲಿಗೆ. ಕೊಳಕು ಮಂಡಲ ಕಚ್ಚಿದ ಅನುಮಾನ ಇದ್ದರೆ ಸ್ವಚ್ಛವಾದ ಒಣ ಗಾಜಿನ ಟ್ಯೂಬಿಗೆ 2 ಎಂ.ಎಲ್. ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಆಮೇಲೆ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದರೆ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಮದ್ದು, ಶುರು. ಆ 20 ನಿಮಿಷ ತನಗೆ ಹಸಿವು ನಿದ್ದೆ ಯಾವುದೂ ಗೊತ್ತಾಗಲ್ಲ ಅನ್ನುತ್ತಾಳೆ. ಮರುದಿನ ಆ ಮನುಷ್ಯ ಏನಾದ ಅಂತ ಕೇಳಿ ನೋಡಿ, "ಶಿಫ್ಟ್ ಆಯ್ತಲ್ಲ, ಗೊತ್ತಿಲ್ಲಪ್ಪ" ಅನ್ನುತ್ತಾಳೆ. ಕಲ್ಲು ಮನಸ್ಸಿನವಳೇನಲ್ಲ. ಅವಳಿಗೆ ಧಾರಾವಾಹಿ ಬೇಡ, ಅಷ್ಟೆ.

ನಾನು ಡಯಾಲಿಸಿಸ್ ಆರಿಸಿಕೊಂಡೆ ಅಂದರೆ ಸುಳ್ಳು. ಅಪ್ಪನಿಗೆ ಹುಷಾರಿಲ್ಲ ಅಂತ ಊರ ಹತ್ತಿರ ಬಂದೆ, ಖಾಲಿ ಇದ್ದದ್ದು ಅದೊಂದೇ. ಮೊದಲ ತಿಂಗಳಲ್ಲೇ ಒಬ್ಬ ಮೀನುಗಾರ ಅಜ್ಜನ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ತೋಳಿನ ಎರಡು ರಕ್ತನಾಳ ಜೋಡಿಸಿ ಮಾಡಿದ ಜಾಗ) ಚುಚ್ಚುವಾಗ ಸೂಜಿ ರಕ್ತನಾಳದಿಂದಾಚೆ ಹೋಗಿ, ತೋಳು ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿತು. ಕೆಲಸ ಬಿಟ್ಟೇಬಿಡೋಣ ಅನ್ನಿಸಿತ್ತು. ಊತ ಇಳಿದ ಮೇಲೆ ಅಜ್ಜ ಅದೇ ತೋಳು ಚಾಚಿ ನನ್ನನ್ನೇ ಕರೆದರು. ಫಿಸ್ಟುಲಾ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಗುರ್ ಅಂತ ಅದುರುವುದು ಗೊತ್ತಾಗುತ್ತದೆ. ಅದುರಿದರೆ ಸರಿಯಿದೆ ಅಂತ. ಅಜ್ಜ ಬಂದಾಗಲೆಲ್ಲ ಕೇಳುತ್ತಿದ್ದರು, "ಬೋಟು ಚಾಲೂ ಇದೆಯಾ ತಂಗಿ?"

ಕರಾವಳಿಯವರಿಗೆ ಎಳನೀರು ಕುಡಿಯಬೇಡಿ ಅಂತ ಹೇಳುವ ಕಷ್ಟ ನಿಮಗೆ ಗೊತ್ತಾ? ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಕೆಟ್ಟವರಿಗೆ ಹೃದಯವೇ ನಿಲ್ಲಬಹುದು. ಒಣಮೀನು ತಿಂದರೆ ಉಪ್ಪು, ಉಪ್ಪಿಗೆ ಬಾಯಾರಿಕೆ, ಬಾಯಾರಿಕೆಗೆ ಗಂಜಿ ತಿಳಿ. ಗಂಜಿ ತಿಳಿಯೂ ನೀರಿನ ಲೆಕ್ಕವೇ ಅಂದರೆ ಯಾರೂ ಒಪ್ಪಲ್ಲ. ಮೈಯಲ್ಲಿ ನೀರು ನಿಂತು ಹೋದ ಸಲಕ್ಕಿಂತ ಮೂರೂವರೆ ಕೆಜಿ ಜಾಸ್ತಿ ತೂಗಿದರೆ ನಾನು ಬಾಯಿ ತೆರೆಯುವ ಮೊದಲೇ ಅಜ್ಜ "ಮೊಮ್ಮಗಳ ಮದುವೆ ಇತ್ತು" ಅನ್ನುತ್ತಿದ್ದರು. ಒಬ್ಬಳೇ ಮೊಮ್ಮಗಳಿಗೆ ಅದೆಷ್ಟು ಮದುವೆಯೋ.

ಮೂರು ವರ್ಷ ಬಂದರು. ಒಂದು ಮಂಗಳವಾರ ಬರಲಿಲ್ಲ, ಮಗ ಫೋನ್ ಮಾಡಿದ. ಅವತ್ತು ಆ ಬೆಡ್ಡಿನಲ್ಲಿ ಬೇರೆಯವರನ್ನು ಮಲಗಿಸಿ ನಾಲ್ಕು ಗಂಟೆ ಮೆಷಿನ್ ಓಡಿಸಿದೆ. ಇಂಥದ್ದು ನನ್ನಿಂದ ಆಗಲ್ಲ ಅನ್ನಿಸಿದರೆ ಕ್ಯಾಶುಯಲ್ಟಿಗೋ ಒಟಿಗೋ ಹೋಗಿ, ಅದರಲ್ಲಿ ನಾಚಿಕೊಳ್ಳುವುದೇನಿಲ್ಲ.

ಲೇಬರ್ ರೂಮಿನ ಬಗ್ಗೆ ನನ್ನನ್ನು ಕೇಳಬೇಡಿ, ಓದುವಾಗ ಹಾಕಿದ ಪೋಸ್ಟಿಂಗ್ ಬಿಟ್ಟರೆ ಆ ಕಡೆ ಹೋದವಳಲ್ಲ.

ಇನ್ನು ಕೋರ್ಸು. ಪಾಸಾದ ಕೂಡಲೇ ಎಂಎಸ್ಸಿ ಅಂತ ಓಡಬೇಡಿ, ಹೇಗೂ ಒಂದು ವರ್ಷದ ಅನುಭವ ಕೇಳುತ್ತಾರೆ. ಎಂಎಸ್ಸಿ 2 ವರ್ಷ. ಮೆಡಿಕಲ್ ಸರ್ಜಿಕಲ್, ಹೆರಿಗೆ, ಮಕ್ಕಳು, ಮಾನಸಿಕ, ಸಮುದಾಯ, ಇವುಗಳಲ್ಲಿ ಒಂದನ್ನು ಹಿಡಿಯಬೇಕು. ನಾನು ನೋಡಿದ ಮಟ್ಟಿಗೆ ಅದು ಮುಗಿಸಿದವರು ಪಾಠ ಮಾಡಲು ಹೋಗುವುದೇ ಜಾಸ್ತಿ. ಬೆಡ್ ಪಕ್ಕದಲ್ಲೇ ಇರಬೇಕು ಅನ್ನುವವರಿಗೆ 1 ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ: ಕ್ರಿಟಿಕಲ್ ಕೇರ್, ನವಜಾತ ಶಿಶು, ಕ್ಯಾನ್ಸರ್, ಒಟಿ ಇತ್ಯಾದಿ. ಸೇರುವ ಮೊದಲು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ ನೋಡಿ.

ಊರಲ್ಲೇ ಇರಬೇಕಾ ಅನ್ನುವುದನ್ನೂ ಈಗಲೇ ಯೋಚಿಸಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಮ್ಮ ಜಿಲ್ಲೆಯವರು ಕೂಗಿದ್ದು ನಿಮಗೇ ಗೊತ್ತು. ದೊಡ್ಡ ಕೇಸುಗಳು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಹೋಗುತ್ತವೆ. ಕಾರ್ಡಿಯಾಕ್, ನ್ಯೂರೊ ಬೇಕು ಅಂದರೆ ನೀವೂ ಆ ಆಂಬುಲೆನ್ಸಿನ ಹಿಂದೆಯೇ ಹೋಗಬೇಕು. ಸರ್ಕಾರಿ ಕೆಲಸ ಸಿಕ್ಕಿತೋ, ವಿಭಾಗ ಆರಿಸುವುದು ನೀವಲ್ಲ, ಡ್ಯೂಟಿ ರೋಸ್ಟರ್.

ಸದ್ಯಕ್ಕೆ ಇಷ್ಟು ಮಾಡಿ. ಈಗಿನ ಪೋಸ್ಟಿಂಗಿನಿಂದ ಬಸ್ಸಲ್ಲಿ ವಾಪಸ್ ಬರುವಾಗ ಏನು ನೆನಪಾಗುತ್ತದೆ ಗಮನಿಸಿ. ನೀವು ಮಾಡಿದ ಕೆಲಸವಾ, ಅಲ್ಲಿ ಮಲಗಿದ್ದ ಮನುಷ್ಯನಾ? ಒಂದು ತಿಂಗಳು ನೋಡಿ ಇಲ್ಲೇ ಬರೆಯಿರಿ, ಮುಂದಿನದು ಆಮೇಲೆ ಮಾತಾಡೋಣ.