ಸ್ಕ್ಯಾನಿಂಗಲ್ಲಿ ಕಲ್ಲು ಕಾಣ್ಲಿಲ್ಲ, ನೋವೂ ಹೋಯ್ತು, ಇನ್ನೂ ಸಿಟಿ ಸ್ಕ್ಯಾನ್ ಮಾಡಿಸ್ಬೇಕಾ?

ಬಲಗಡೆ ಕಿಡ್ನಿ ಊದಿದೆ, ಕಲ್ಲು ಕಾಣ್ತಿಲ್ಲ ಅಂತ ರಿಪೋರ್ಟು, ನೋವು ನಿಂತಿದೆ, ರೇಡಿಯೇಶನ್ ಭಯ ಅಂತ ಬರ್ದಿದೀರಲ್ಲ ಸಾರ್, 2019ರಲ್ಲಿ ನಂದೂ ಇದೇ ಕತೆ. ಚನ್ನಗಿರಿ ಹತ್ರ ನಮ್ಮೂರು, ಅಡಿಕೆ ಕೊಯ್ಲಿನ ಟೈಮು. ರಾತ್ರಿ ಎರಡಕ್ಕೆ ಬೆನ್ನಿನ ಪಕ್ಕ ಎದ್ದ ನೋವು ತೊಡೆಸಂದಿಗೆ ಇಳೀತು, ಕೂತ್ರೂ ಆಗ್ದು ಮಲಗಿದ್ರೂ ಆಗ್ದು, ವಾಂತಿ ಬೇರೆ. ದಾವಣಗೆರೆಗೆ ಕರ್ಕೊಂಡೋದ್ರು, ಇಂಜೆಕ್ಷನ್ ಕೊಟ್ರು, ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಆಯ್ತು, ಡಾಕ್ಟ್ರು ಸಿಟಿ ಕೆಯುಬಿ (ಕಿಡ್ನಿ, ಮೂತ್ರನಾಳ, ಮೂತ್ರಚೀಲದ ಸಿಟಿ ಸ್ಕ್ಯಾನ್) ಮಾಡಿಸ್ಕೊಂಡು ಬನ್ನಿ ಅಂತ ಚೀಟಿ ಕೊಟ್ರು. ಆ ಚೀಟಿ ಏಳು ತಿಂಗಳು ನನ್ನ ಶರ್ಟಿನ ಜೇಬಿಂದ ಬೀರುವಿಗೆ ಹೋಗಿ ಕೂತಿತ್ತು.

ನಾನು ಮಾಡಿದ ತಪ್ಪು ಇದೇ, ಸ್ವಲ್ಪ ಉದ್ದಕ್ಕೆ ಹೇಳ್ತೀನಿ. "ಕಲ್ಲು ಕಾಣ್ತಿಲ್ಲ" ಅನ್ನೋದನ್ನ "ಕಲ್ಲು ಇಲ್ಲ" ಅಂತ ಓದ್ಕೊಂಡೆ. ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯೋ ನಾಳದ ಮಧ್ಯಭಾಗ ಕರುಳಿನ ಹಿಂದೆ ಇರುತ್ತೆ, ಕರುಳಿನ ಗ್ಯಾಸ್ ಅಡ್ಡ ಬಂದ್ರೆ ಅಲ್ಟ್ರಾಸೌಂಡಿಗೆ ಅಲ್ಲಿ ಏನೂ ಕಾಣಲ್ಲ. ಆದ್ರೆ ಕಿಡ್ನಿ ಊದಿದೆ ಅಂತ ಅದೇ ರಿಪೋರ್ಟಲ್ಲಿತ್ತು. ಕೆಳಗೆ ಎಲ್ಲೋ ಕಟ್ಟಿಕೊಳ್ದೆ ಮೇಲೆ ಯಾಕೆ ಊದುತ್ತೆ ಅಂತ ಯೋಚ್ನೆನೇ ಮಾಡ್ಲಿಲ್ಲ ನಾನು. ಮೂರನೇ ದಿನ ನೋವು ನಿಂತಾಗ ಬಾಳೆದಿಂಡಿನ ರಸಕ್ಕೆ ಕಲ್ಲು ಬಿದ್ದೋಯ್ತು ಅಂತ ಮನೇಲೆಲ್ಲ ಹೇಳ್ಕೊಂಡು ಬಂದೆ, ಬಿದ್ದಿದ್ದನ್ನ ನಾನೂ ನೋಡಿಲ್ಲ ಯಾರೂ ನೋಡಿಲ್ಲ. ಆಮೇಲೆ ಗೊತ್ತಾಯ್ತು, ಕಿಡ್ನಿ ಒಮ್ಮೆಲೇ ಹಿಗ್ಗಿದಾಗ ಜೋರು ನೋವು, ಕಟ್ಟು ಹಾಗೇ ಉಳಿದ್ರೆ ಆ ಕಿಡ್ನಿ ನಿಧಾನಕ್ಕೆ ಮೂತ್ರ ಮಾಡೋದನ್ನೇ ಕಮ್ಮಿ ಮಾಡುತ್ತೆ, ಒತ್ತಡ ಇಳಿಯುತ್ತೆ, ನೋವೂ ಇಳಿಯುತ್ತೆ. ಕಿಡ್ನಿ ಕೆಲಸ ನೋಡೋ ರಕ್ತ ಪರೀಕ್ಷೆ ಕ್ರಿಯಾಟಿನಿನ್ ನಾರ್ಮಲ್ ಇತ್ತು, ಅದೂ ಇನ್ನೊಂದು ಕಿಡ್ನಿ ಎರಡರ ಕೆಲಸ ಮಾಡ್ತಿದ್ದಕ್ಕೆ.

ಏಳು ತಿಂಗಳಾದ್ಮೇಲೆ ಬಲಗಡೆ ಏನೋ ಭಾರ ಅಂತ ಕೊನೆಗೂ ಸಿಟಿ ಮಾಡಿಸ್ದೆ. ಸೂಜಿ ಇಲ್ಲ, ಬಣ್ಣದ ಔಷಧಿ ಇಲ್ಲ, ಮಲಗಿ ಉಸಿರು ಹಿಡಿದು ಬಿಟ್ಟೆ ಅಷ್ಟೇ. ಡಾಕ್ಟ್ರು ಕಂಪ್ಯೂಟರಲ್ಲಿ ಕಿಡ್ನಿಯಿಂದ ನಾಳ ಹಿಡ್ಕೊಂಡು ಒಂದೊಂದೇ ಹೋಳು ಕೆಳಗೆ ಇಳಿಸ್ತಾ ತೋರಿಸಿದ್ರು, ಅಗಲವಾಗಿದ್ದ ನಾಳ ಸೊಂಟದ ದೊಡ್ಡ ರಕ್ತನಾಳ ದಾಟೋ ಜಾಗದಲ್ಲಿ ಟಕ್ ಅಂತ ನಿಂತ್ಹೋಗಿತ್ತು, ಅಲ್ಲೇ ಬೆಳ್ಳಗೆ 8 ಮಿಲಿಮೀಟರ್ ಕಲ್ಲು. ಅದಕ್ಕಿಂತ ಕೆಳಗೆ ನಾಳ ಸಣ್ಣಗೆ ಸರಿಯಾಗಿತ್ತು. ಕಿಡ್ನಿ ಸಿಪ್ಪೆ ತರ ತೆಳ್ಳಗಾಗಿತ್ತು. ಯಾವ ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ನೋಡೋ ಡಿಟಿಪಿಎ ಸ್ಕ್ಯಾನಲ್ಲಿ ಒಟ್ಟು ಕೆಲಸದಲ್ಲಿ ಆ ಕಿಡ್ನಿ ಪಾಲು 19%. ಲೇಸರಲ್ಲಿ ಕಲ್ಲು ಪುಡಿ ಮಾಡಿ ನಾಳದೊಳಗೆ ಸ್ಟೆಂಟ್ (ಮೂತ್ರ ಇಳಿಯೋಕೆ ಸಣ್ಣ ಕೊಳವೆ) ಹಾಕಿದ್ರು, ಆಮೇಲೂ 24% ದಾಟ್ಲಿಲ್ಲ.

ಅದಕ್ಕೇ ನೋವು ಇದೆಯೋ ಇಲ್ವೋ ಅನ್ನೋ ಲೆಕ್ಕಾನೇ ಬಿಡಿ ಸಾರ್, ಊತ ಇಳಿದಿದೆಯಾ, ಕಲ್ಲು ಹೊರಗೆ ಬಂದಿದೆಯಾ ಅನ್ನೋದು ನೋಡಿ. ರೇಡಿಯೇಶನ್ ಬಗ್ಗೆ ಹೇಳೋದಾದ್ರೆ ಲೋ ಡೋಸ್ ಪ್ಲೇನ್ ಸಿಟಿ (ಕಮ್ಮಿ ರೇಡಿಯೇಶನ್, ಬಣ್ಣದ ಔಷಧಿ ಇಲ್ದೆ) ಅಂತ ಕೇಳಿ ಮಾಡಿಸಿ, ಸುಮಾರು 3 ಮಿಲಿಸೀವರ್ಟ್ ಒಳಗೆ, ಅಂದ್ರೆ ಹೆಚ್ಚುಕಮ್ಮಿ ಒಂದು ವರ್ಷ ನಮಗೆಲ್ಲ ಪ್ರಕೃತಿಯಿಂದಲೇ ಬರೋವಷ್ಟು. ಗರ್ಭಿಣಿಯರಿಗೆ ಮಾತ್ರ ದಾರಿ ಬೇರೆ. ಕಾಂಟ್ರಾಸ್ಟ್ (ಅದೇ ಬಣ್ಣದ ಔಷಧಿ) ಹಾಕಿಸೋಣ ಚೆನ್ನಾಗಿ ಕಾಣುತ್ತೆ ಅಂತ ಯಾರಾದ್ರೂ ಹೇಳಿದ್ರೆ ಮೊದ್ಲು ಪ್ಲೇನ್ ಇರ್ಲಿ ಅನ್ನಿ, ಔಷಧಿ ನಾಳಕ್ಕೆ ಇಳಿದ್ಮೇಲೆ ಅದೂ ಬಿಳಿ, ಕಲ್ಲೂ ಬಿಳಿ, ಒಂದರಲ್ಲೊಂದು ಮುಚ್ಚಿಹೋಗುತ್ತೆ.

ಈ ಮಧ್ಯೆ ಚಳಿ ಜ್ವರ ಬಂದ್ರೆ ಸ್ಕ್ಯಾನ್ ಅಪಾಯಿಂಟ್ಮೆಂಟಿಗೆ ಕಾಯ್ಬೇಡಿ, ರಾತ್ರಿಯಾದ್ರೂ ಎಮರ್ಜೆನ್ಸಿಗೆ ಹೋಗಿ, ಕಟ್ಟಿದ ಕಿಡ್ನಿಗೆ ಇನ್ಫೆಕ್ಷನ್ ಆದ್ರೆ ಜೀವಕ್ಕೇ ತೊಂದ್ರೆ. ಜ್ವರ ಇಲ್ದಿದ್ರೆ ಈ ವಾರದಲ್ಲೇ ಮಾಡಿಸಿ. ಹಳೇ ರಿಪೋರ್ಟ್ ತಗೊಂಡೋಗಿ, ಬಂದ್ಮೇಲೆ ಕಲ್ಲು ಎಲ್ಲಿದೆ, ಸೈಜ್ ಎಷ್ಟು, ಊತ ಎಷ್ಟು ಅಂತ ಇಲ್ಲೇ ಹಾಕಿ, ನೋಡ್ತಿರ್ತೀನಿ.