ಚಿಲ್ಲರ್ ಬದಲಿಸುವ ಮೊದಲು ರಾತ್ರಿ ಮೀಟರ್ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಐದು ಮಹಡಿಯ ಆಫೀಸ್ ಕಟ್ಟಡ ನೋಡಿಕೊಳ್ಳುತ್ತಿದ್ದೀರಿ. ಕರೆಂಟ್ ಬಿಲ್ ಏರುತ್ತಲೇ ಇದೆ. ಏಸಿಗೆ ಬೇಕಾದ ನೀರನ್ನು ತಣಿಸುವ ಮಷೀನು, ಅಂದರೆ ಚಿಲ್ಲರ್‌ಗೆ 15 ವರ್ಷ ಆಗಿದೆ. ಹೊಸ ಚಿಲ್ಲರ್ ಹಾಕಿಸಬೇಕೋ, ಇಲ್ಲಾ ಅದೇ ದುಡ್ಡಲ್ಲಿ ಚಾವಣಿ ಮೇಲೆ ಸೋಲಾರ್ ಹಾಕಿಸಬೇಕೋ ಅಂತ ಕೇಳಿದ್ದೀರಿ.

ಸದ್ಯಕ್ಕೆ ಎರಡೂ ಬೇಡ. ಕಟ್ಟಡಗಳ ಎನರ್ಜಿ ಆಡಿಟ್, ಅಂದರೆ ಕರೆಂಟ್ ಎಲ್ಲಿ ಎಷ್ಟು ಹೋಗುತ್ತಿದೆ ಅಂತ ಲೆಕ್ಕ ನೋಡುವುದೇ ನನ್ನ ಕೆಲಸ. ಎಲ್ಲಿಗೆ ಹೋದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಎಲ್ಲರೂ ಮನೆಗೆ ಹೋದ ಮೇಲೆ ಈ ಕಟ್ಟಡ ಎಷ್ಟು ಕರೆಂಟ್ ಎಳೆಯುತ್ತದೆ? ಬಹಳ ಕಡೆ ಇದಕ್ಕೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 8,760 ಗಂಟೆ. ವಾರಕ್ಕೆ ಐದು ದಿನ, ದಿನಕ್ಕೆ 10 ಗಂಟೆ ಆಫೀಸ್ ನಡೆದರೆ 2,600 ಗಂಟೆ ಆಯಿತು. ಮಿಕ್ಕ 6,160 ಗಂಟೆ ಕಟ್ಟಡ ಖಾಲಿ. ಹಗಲು 100 ಕಿಲೋವ್ಯಾಟ್, ರಾತ್ರಿ ಮತ್ತು ರಜಾ ದಿನ 40 ಕಿಲೋವ್ಯಾಟ್ ಓಡುತ್ತಿದೆ ಅಂದುಕೊಳ್ಳಿ. ಹಗಲಿನದು 2,60,000 ಯೂನಿಟ್, ಖಾಲಿ ಹೊತ್ತಿನದು 2,46,400 ಯೂನಿಟ್. ಹೆಚ್ಚುಕಡಿಮೆ ಸಮ! ಬಿಲ್ಲಿನ ಅರ್ಧ ಯಾರಿಗೂ ಬೇಡದ ಹೊತ್ತಿನಲ್ಲಿ ಹುಟ್ಟುತ್ತಿದೆ. ಎಂಥ ಒಳ್ಳೆ ಚಿಲ್ಲರ್ ತಂದರೂ ಇದು ಹೋಗುವುದಿಲ್ಲ.

ನಿಮ್ಮ ಮೀಟರ್ ಅರ್ಧ ಗಂಟೆಗೊಮ್ಮೆ ರೀಡಿಂಗ್ ಉಳಿಸಿಕೊಳ್ಳುವಂಥದ್ದಾದರೆ ಆ ಡೇಟಾ ಕೇಳಿ ತರಿಸಿಕೊಳ್ಳಿ. ಇಲ್ಲವಾದರೆ ಸೆಕ್ಯುರಿಟಿಯವರಿಗೆ ಒಂದು ಪುಸ್ತಕ ಕೊಟ್ಟು, ಒಂದು ವಾರ ರಾತ್ರಿ 10 ಗಂಟೆಗೆ ಮತ್ತು ಬೆಳಗ್ಗೆ 5 ಗಂಟೆಗೆ ಮೀಟರ್ ಬರೆದಿಡಲು ಹೇಳಿ. ಒಂದೊಂದು ರಾತ್ರಿಯ ವ್ಯತ್ಯಾಸವನ್ನು ನಡುವಿನ 7 ಗಂಟೆಯಿಂದ ಭಾಗಿಸಿದರೆ ರಾತ್ರಿ ಲೋಡ್, ಅಂದರೆ ಆ ಹೊತ್ತಿನಲ್ಲಿ ಓಡುವ ಕಿಲೋವ್ಯಾಟ್ ಸಿಗುತ್ತದೆ. ಸರ್ವರ್ ರೂಮು, ಲಿಫ್ಟ್, ಎಮರ್ಜೆನ್ಸಿ ಲೈಟು, ಇವಕ್ಕೆ ಒಂದಷ್ಟು ಬೇಕೇ ಬೇಕು. ಉಳಿದದ್ದಕ್ಕೆಲ್ಲ ಕಾರಣ ಹುಡುಕಬೇಕು.

ಹುಡುಕುವುದು ಕೂತಲ್ಲಿಂದ ಆಗುವುದಿಲ್ಲ. ಒಂದು ರಾತ್ರಿ ಮೇಂಟೆನೆನ್ಸ್‌ನವರನ್ನು ಕರೆದುಕೊಂಡು ಎಲ್ಲಾ ಮಹಡಿ ಸುತ್ತಿ. ಪ್ರತಿ ಮಹಡಿಯ ಎಎಚ್‌ಯು (ತಂಪು ಗಾಳಿಯನ್ನು ಫ್ಯಾನಿನಿಂದ ಮಹಡಿಗೆ ತಳ್ಳುವ ಮಷೀನು) ರೂಮಿನ ಬಾಗಿಲಿಗೆ ಕಿವಿ ಕೊಡಿ. ಫ್ಯಾನ್ ಓಡುತ್ತಿದ್ದರೆ ಹೊರಗೇ ಗೊತ್ತಾಗುತ್ತದೆ. ಒಳಗೆ ಹೋಗಿ ಪ್ಯಾನೆಲ್ ನೋಡಿ. ಅಲ್ಲಿ ಆಟೋ, ಆಫ್, ಮ್ಯಾನ್ಯುಯಲ್ ಅಂತ ಮೂರು ಕಡೆ ತಿರುಗುವ ಒಂದು ಸ್ವಿಚ್ ಇರುತ್ತದೆ. ನಾನು ನೋಡಿದ ಎಷ್ಟೋ ಕಟ್ಟಡಗಳಲ್ಲಿ ಅದು ಮ್ಯಾನ್ಯುಯಲ್‌ನಲ್ಲೇ ನಿಂತಿರುತ್ತದೆ. ಎಂದೋ ಒಂದು ದಿನ ಯಾರೋ ಸೆಕೆ ಅಂದಿರುತ್ತಾರೆ. ಆಪರೇಟರ್ ಬಂದು ತಿರುಗಿಸಿ ಹೋಗಿರುತ್ತಾರೆ. ವಾಪಸ್ ಆಟೋಗೆ ತಿರುಗಿಸಬೇಕು ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಅಂದಿನಿಂದ ಟೈಮರ್ ಇದ್ದೂ ಪ್ರಯೋಜನ ಇಲ್ಲ. ಕಂಪ್ಯೂಟರಿನಲ್ಲಿ ಶೆಡ್ಯೂಲ್ ಸರಿಯಾಗೇ ಕಾಣಿಸುತ್ತದೆ, ಫ್ಯಾನ್ ಮಾತ್ರ ರಾತ್ರಿಯಿಡೀ ತಿರುಗುತ್ತಿರುತ್ತದೆ. ಆಪರೇಟರನ್ನು ಬೈಯಬೇಡಿ. ಸೆಕೆ ಅಂತ ಬಂದ ದೂರಿಗೆ ಅವರ ಕೈಲಿದ್ದ ಪರಿಹಾರ ಅದೊಂದೇ. ನಿಜವಾದ ಕಾರಣ ಬೇರೆಲ್ಲೋ ಇರುತ್ತದೆ. ಫಿಲ್ಟರ್ ಕಟ್ಟಿಕೊಂಡಿರಬಹುದು. ಥರ್ಮೋಸ್ಟಾಟ್ ಬಿಸಿಯಾಗುವ ಪ್ರಿಂಟರ್ ಪಕ್ಕ ಕೂತಿರಬಹುದು. ಅದನ್ನು ಸರಿಮಾಡದೆ ಸ್ವಿಚ್ ಮಾತ್ರ ತಿರುಗಿಸಿದರೆ ಮುಂದಿನ ವಾರ ಅದು ಮತ್ತೆ ಮ್ಯಾನ್ಯುಯಲ್‌ಗೆ ಹೋಗಿರುತ್ತದೆ.

ಅಲ್ಲೇ ವಿಎಫ್‌ಡಿ, ಅಂದರೆ ಮೋಟರಿನ ವೇಗ ಬದಲಿಸುವ ಸಾಧನ ಇದ್ದರೆ ಅದರ ಡಿಸ್‌ಪ್ಲೇ ಕೂಡ ನೋಡಿ. ಮೋಟರಿನ ವೇಗ ಬೇಕಾದಷ್ಟಕ್ಕೆ ಇಳಿಸಲಿ ಅಂತಲೇ ಅದನ್ನು ಹಾಕಿರುವುದು. ಹಗಲು, ರಾತ್ರಿ, ಮಳೆ, ಬಿಸಿಲು, ಯಾವಾಗ ನೋಡಿದರೂ ಪೂರ್ತಿ ವೇಗವನ್ನೇ ತೋರಿಸುತ್ತಿದ್ದರೆ ಅದು ಇದ್ದೂ ಇಲ್ಲದಂತೆ. ಫ್ಯಾನಿಗೆ ಬೇಕಾಗುವ ಪವರ್ ವೇಗದ ಘನದಷ್ಟು ಬದಲಾಗುತ್ತದೆ. ವೇಗ 80% ಮಾಡಿದರೆ ಪವರ್ ಸುಮಾರು 51%ಕ್ಕೆ ಬೀಳುತ್ತದೆ. ಗಾಳಿ ಐದನೇ ಒಂದು ಭಾಗ ಕಡಿಮೆ, ಕರೆಂಟ್ ಹೆಚ್ಚುಕಡಿಮೆ ಅರ್ಧ. ಇಷ್ಟು ಲಾಭದ ಕೆಲಸ ಕಟ್ಟಡದಲ್ಲಿ ಬೇರೆ ಕಡಿಮೆ. ಹೊಸದಾಗಿ ಏನೂ ಕೊಳ್ಳಬೇಕಿಲ್ಲ, ಸೆನ್ಸರ್ ಮತ್ತು ಸೆಟ್‌ಪಾಯಿಂಟ್ (ಎಷ್ಟಿರಬೇಕು ಅಂತ ಹಾಕಿಟ್ಟ ಮಟ್ಟ) ಸರಿಮಾಡಿದರೆ ಎಷ್ಟೋ ಸಲ ಸಾಕಾಗುತ್ತದೆ.

ಇನ್ನು ಹಗಲಿನ ಲೋಡ್. ಹಳೆಯ ಟ್ಯೂಬ್‌ಲೈಟ್ ಉಳಿದಿದ್ದರೆ ತೆಗೆದು ಎಲ್‌ಇಡಿ ಹಾಕಿ, ಅದರಲ್ಲಿ ಯೋಚಿಸುವಂಥದ್ದು ಏನಿಲ್ಲ. ಲೈಟಿಗೆ ಹೋದ ಕರೆಂಟೆಲ್ಲ ಕೊನೆಗೆ ಶಾಖವಾಗಿ ರೂಮಿನಲ್ಲೇ ಉಳಿಯುತ್ತದೆ, ಏಸಿ ಅದನ್ನೂ ಹೊರಹಾಕಬೇಕು. ಹಾಗಾಗಿ ತಂಪು ಮಾಡುವ ದಿನಗಳಲ್ಲಿ ಲೈಟಿನಲ್ಲಿ 3 ಯೂನಿಟ್ ಉಳಿದರೆ ಏಸಿಯಲ್ಲೂ ಸುಮಾರು 1 ಯೂನಿಟ್ ಉಳಿಯುತ್ತದೆ. ಬಿಸಿಲು ಬೀಳುವ ಕಡೆಯ ಕಿಟಕಿಗಳಿಗೆ ಹೊರಗಿನಿಂದ ನೆರಳು ಮಾಡಿ. ಒಳಗಿನ ಪರದೆ ಕಣ್ಣಿಗೆ ಹಿತ, ಆದರೆ ಶಾಖ ಅಷ್ಟೊತ್ತಿಗಾಗಲೇ ಗಾಜು ದಾಟಿ ಒಳಗೆ ಬಂದಾಗಿರುತ್ತದೆ.

ಒಂದು ಮಾತ್ರ ದಯವಿಟ್ಟು ಮಾಡಬೇಡಿ. ಬಿಲ್ ಉಳಿಸಲು ಹೊರಗಿನ ಗಾಳಿ ಬರುವ ದಾರಿಯ ಬಾಗಿಲು, ಅಂದರೆ ಡ್ಯಾಂಪರ್ ಮುಚ್ಚಿಸಬೇಡಿ. ಬಿಲ್ ಇಳಿಯುತ್ತದೆ, ನಿಜ. ಆದರೆ ಒಳಗೆ ಕೂತವರಿಗೆ ಮಧ್ಯಾಹ್ನದ ಹೊತ್ತಿಗೆ ತಲೆಭಾರ, ತೂಕಡಿಕೆ. ಅವರಿಗೋಸ್ಕರವೇ ಅಲ್ವಾ ಕಟ್ಟಡ ಇರುವುದು? ಬದಲಿಗೆ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಹಾಕಿಸಿ. ಹೊರಗಿನ ಗಾಳಿಯಲ್ಲಿ ಆ ಅನಿಲ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 420 ಭಾಗ. ಒಳಗೆ ಜನ ಜಾಸ್ತಿ ಆದಷ್ಟೂ ಏರುತ್ತದೆ. ಅದನ್ನು ನೋಡಿಕೊಂಡು ಡ್ಯಾಂಪರ್ ತಾನೇ ತೆರೆದು ಮುಚ್ಚಿದರೆ, ಖಾಲಿ ಮೀಟಿಂಗ್ ಹಾಲಿಗೆ ಸುಮ್ನೆ ಗಾಳಿ ತಂಪು ಮಾಡಿ ಕಳಿಸುವುದು ತಪ್ಪುತ್ತದೆ.

ಇಷ್ಟೆಲ್ಲ ಆದ ಮೇಲೆ ಚಿಲ್ಲರ್ ಮಾತು. ಈ ಕ್ರಮಕ್ಕೆ ಕಾರಣ ಇದೆ. ಈಗಿನ ಲೋಡ್ ನೋಡಿ ಚಿಲ್ಲರ್ ಆರಿಸಿದರೆ ಬೇಕಾದ್ದಕ್ಕಿಂತ ದೊಡ್ಡದು ಬರುತ್ತದೆ. ಆಮೇಲೆ ಲೋಡ್ ಇಳಿಸಿದರೆ ಆ ದೊಡ್ಡ ಮಷೀನು ಆಗಾಗ ನಿಂತು ಶುರುವಾಗುತ್ತಾ ತನ್ನ ಕ್ಷಮತೆ ಕಳೆದುಕೊಳ್ಳುತ್ತದೆ. ಒಂದು ಉದಾಹರಣೆ: ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಕಟ್ಟಿ ಮುಗಿಸಿದ್ದು 1931ರಲ್ಲಿ. 2009ರಲ್ಲಿ ಅದರ ಎನರ್ಜಿ ಬಳಕೆಯನ್ನು 38% ಇಳಿಸುವ ಯೋಜನೆ ಪ್ರಕಟಿಸಿದರು. 6,514 ಕಿಟಕಿಗಳ ಗಾಜು ಬಿಚ್ಚಿ, ಅದೇ ಕಟ್ಟಡದೊಳಗೆ ವರ್ಕ್‌ಶಾಪ್ ಮಾಡಿಕೊಂಡು, ಎರಡು ಗಾಜಿನ ನಡುವೆ ಶಾಖ ತಡೆಯುವ ಫಿಲ್ಮ್ ಸೇರಿಸಿ ಮತ್ತೆ ಕೂರಿಸಿದರು. ಕಿಟಕಿ, ಲೈಟುಗಳಿಂದ ಬರುವ ಲೋಡ್ ಮೊದಲು ತಗ್ಗಿಸಿದ್ದರಿಂದ ಚಿಲ್ಲರ್‌ಗಳನ್ನು ಬದಲಿಸಿ ದೊಡ್ಡದು ಮಾಡುವ ಬದಲು ಇದ್ದವನ್ನೇ ನವೀಕರಿಸಿದರೆ ಸಾಕಾಯಿತು.

ನಿಮ್ಮ ಈಗಿನ ಚಿಲ್ಲರ್‌ನಲ್ಲೂ ಮಾಡುವ ಕೆಲಸ ಇದೆ. ಶಾಖ ಹೊರಬಿಡುವ ಭಾಗ, ಅಂದರೆ ಕಂಡೆನ್ಸರ್ ಶುಚಿ ಮಾಡಿಸಿ. ಚಳಿ ದಿನಗಳಲ್ಲೂ ನೀರನ್ನು 7 ಡಿಗ್ರಿಗೇ ತಣಿಸುತ್ತಿದ್ದಾರಾ ಕೇಳಿ. ಒಂದು ಡಿಗ್ರಿ ಏರಿಸಿದರೆ ಚಿಲ್ಲರ್ ಎಳೆಯುವ ಕರೆಂಟಿನಲ್ಲಿ ಸಾಧಾರಣ 2ರಿಂದ 3% ಉಳಿಯುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಏರಿಸಬೇಡಿ, ತೇವ ಹೋಗದೆ ಒಳಗೆಲ್ಲ ಜಿಗುಟು ಜಿಗುಟಾಗುತ್ತದೆ.

ಸೋಲಾರ್ ಖಂಡಿತ ಹಾಕಿಸಿ, ಆದರೆ ಕೊನೆಗೆ. ರಾತ್ರಿ ಓಡುವ ಫ್ಯಾನಿಗೆ ಹಗಲಿನ ಬಿಸಿಲು ಉತ್ತರ ಅಲ್ಲ. ಲೋಡ್ ಇಳಿದ ಮೇಲೆ ಅದೇ ಚಾವಣಿಯ ಪ್ಯಾನೆಲ್‌ಗಳು ನಿಮ್ಮ ಬಳಕೆಯ ಇನ್ನೂ ದೊಡ್ಡ ಪಾಲು ಪೂರೈಸುತ್ತವೆ.

ಉಳಿತಾಯ ಎಷ್ಟಾಯಿತು ಅಂತ ನೋಡುವಾಗ ಹಿಂದಿನ ತಿಂಗಳ ಬಿಲ್ ಜೊತೆ ಹೋಲಿಸಬೇಡಿ. ಹೋದ ವರ್ಷದ ಅದೇ ತಿಂಗಳು ತೆಗೆದುಕೊಳ್ಳಿ. ರೂಪಾಯಿ, ಡಾಲರ್ ಬಿಟ್ಟು ಯೂನಿಟ್ ನೋಡಿ, ದರ ಬದಲಾಗುತ್ತಿರುತ್ತದೆ. ಆ ತಿಂಗಳು ಸೆಕೆ ಎಷ್ಟಿತ್ತು, ಎಷ್ಟು ಮಹಡಿ ತುಂಬಿತ್ತು ಅನ್ನುವುದನ್ನೂ ಪಕ್ಕದಲ್ಲೇ ಬರೆದಿಡಿ. ಒಂದು ವಾರದ ರಾತ್ರಿ ರೀಡಿಂಗ್ ಸಿಕ್ಕ ಮೇಲೆ ಇಲ್ಲೇ ಹಾಕಿ. ಯಾವ ಮಹಡಿಯಿಂದ ಶುರು ಮಾಡಬಹುದು ಅಂತ ಕೂತು ನೋಡೋಣ.