ಗಾಳಿಯಿಲ್ಲದ ಚಂದ್ರನಲ್ಲಿ ಧೂಳು ಹೇಗೆ?

ಪ್ರಶ್ನೆ: ಭೂಮಿಯಲ್ಲಿ ಗಾಳಿ, ಮಳೆ, ನದಿಗಳು ಬಂಡೆಯನ್ನು ಸವೆಸಿ ಮಣ್ಣು ಮಾಡುತ್ತವೆ. ಇವು ಯಾವುವೂ ಇಲ್ಲದ ಚಂದ್ರನ ಮೇಲೆ ಅಷ್ಟೊಂದು ಧೂಳು ಎಲ್ಲಿಂದ ಬಂತು? ಅದು ಅಂತರಿಕ್ಷದಿಂದ ಉದುರಿದ್ದೇ?

ಉತ್ತರ: ಅಂತರಿಕ್ಷದಿಂದ ಉದುರಿದ್ದರ ಪಾಲು ಅದರಲ್ಲಿ ಶೇಕಡ 1ರಿಂದ 2ರಷ್ಟು ಮಾತ್ರ. ಉಳಿದದ್ದೆಲ್ಲ ಚಂದ್ರನದೇ ಬಂಡೆ. 400 ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಪೆಟ್ಟು ತಿಂದು ಪುಡಿಯಾದದ್ದು. ಗಾಳಿಯಿಲ್ಲದ ಕಡೆ ಧೂಳು ಹೇಗೆ ಎಂದು ನೀವು ಕೇಳಿದ್ದೀರಿ. ಗಾಳಿಯಿಲ್ಲದಿರುವುದರಿಂದಲೇ ಅಲ್ಲಿ ಇಷ್ಟು ಧೂಳಿದೆ.

ಭೂಮಿಯತ್ತ ನುಗ್ಗುವ ಮರಳಿನ ಕಾಳಿನಷ್ಟು ಉಲ್ಕೆಗಳು ನಮ್ಮ ವಾತಾವರಣದಲ್ಲಿ ಉರಿದುಹೋಗುತ್ತವೆ. ಅಂಥ ಹೊದಿಕೆಯಿಲ್ಲದ ಚಂದ್ರನಿಗೆ ಅವು ಸೆಕೆಂಡಿಗೆ ಸುಮಾರು 20 ಕಿ.ಮೀ. ವೇಗದಲ್ಲಿ ನೇರವಾಗಿ ಬಡಿಯುತ್ತವೆ. ದೊಡ್ಡ ಉಲ್ಕೆ ಕುಳಿ ತೋಡಿ ಬಂಡೆಯನ್ನು ಒಡೆದರೆ, ಕಣ್ಣಿಗೆ ಕಾಣದಷ್ಟು ಸಣ್ಣವು ಆ ಚೂರುಗಳನ್ನು ಎಡೆಬಿಡದೆ ಅರೆಯುತ್ತವೆ. ಹಗಲಿನಲ್ಲಿ 100 ಡಿಗ್ರಿ ಸೆಲ್ಸಿಯಸ್ ದಾಟುವ ಕಾವು, ರಾತ್ರಿಯಲ್ಲಿ ಶೂನ್ಯಕ್ಕಿಂತ 100 ಡಿಗ್ರಿಗೂ ಕೆಳಗಿಳಿಯುವ ಚಳಿ, ಇವುಗಳಿಂದಲೂ ಕಲ್ಲು ಬಿರಿಯುತ್ತದೆ.

ಈ ಕೆಲಸದಲ್ಲಿ ಅರೆಯುವುದರ ಜೊತೆಗೆ ಬೆಸೆಯುವುದೂ ಇದೆ ಎಂಬುದು ನನಗೆ ಅತ್ಯಂತ ಸೋಜಿಗವೆನಿಸುವ ಸಂಗತಿ. ಸೂಕ್ಷ್ಮ ಉಲ್ಕೆ ಬಡಿದಾಗ ಹುಟ್ಟುವ ಕಾವಿಗೆ ಒಂದಿಷ್ಟು ಮಣ್ಣು ಕರಗಿ, ಮರುಕ್ಷಣವೇ ತಣಿದು ಗಾಜಾಗುತ್ತದೆ. ಆ ಗಾಜು ಸುತ್ತಲಿನ ಕಣಗಳನ್ನು ಅಂಟಿಸಿ ಅಂಕುಡೊಂಕಾದ ಹರಳುಗಳನ್ನು ಮಾಡುತ್ತದೆ. ಹೊಳೆಯ ಮರಳನ್ನು ನೀರು ಉರುಳಿಸಿ ನುಣುಪು ಮಾಡುವಂತೆ ಇವನ್ನು ಸವೆಸುವವರು ಅಲ್ಲಿ ಯಾರೂ ಇಲ್ಲದ್ದರಿಂದ, ಕಣಗಳ ಅಂಚು ಹರಿತವಾಗಿಯೇ ಉಳಿಯುತ್ತದೆ. 1972ರಲ್ಲಿ ಅಪೊಲೊ 17ರಲ್ಲಿ ಹೋಗಿದ್ದ ಭೂವಿಜ್ಞಾನಿ ಹ್ಯಾರಿಸನ್ ಸ್ಮಿತ್ ಅವರಿಗೆ ನೌಕೆಯೊಳಗೆ ಬಂದ ಈ ಧೂಳಿನಿಂದ ಮೂಗು ಕಟ್ಟಿತ್ತು.

ಧೂಳು ಬಹಳ ಆಳವಾಗಿದ್ದು ನೌಕೆಗಳು ಅದರಲ್ಲಿ ಹೂತುಹೋದಾವು ಎಂಬ ಭಯವನ್ನು 1955ರಲ್ಲಿ ಖಗೋಳವಿಜ್ಞಾನಿ ಥಾಮಸ್ ಗೋಲ್ಡ್ ಮುಂದಿಟ್ಟಿದ್ದರು. 1966ರಲ್ಲಿ ಇಳಿದ ಲೂನಾ 9 ಮತ್ತು ಸರ್ವೇಯರ್ 1 ಹೂತುಹೋಗಲಿಲ್ಲ. ಪುಡಿ ಮತ್ತು ಚೂರುಗಳ ಈ ಪದರವು ಕಪ್ಪಾಗಿ ಕಾಣುವ ಬಯಲುಗಳಲ್ಲಿ ಸುಮಾರು 4–5 ಮೀಟರ್, ಅವುಗಳಿಗಿಂತ ಹಳೆಯ ಎತ್ತರದ ನೆಲದಲ್ಲಿ 10–15 ಮೀಟರ್ ದಪ್ಪವಿದೆ. ಹೆಚ್ಚು ಕಾಲ ಪೆಟ್ಟು ತಿಂದ ನೆಲದಲ್ಲಿ ಪುಡಿಯೂ ಹೆಚ್ಚು.

ಆದರೆ ಒಂದು ಜಾಗದ ಧೂಳೆಲ್ಲ ಆ ಜಾಗದ ಬಂಡೆಯದೇ ಎನ್ನುವಂತಿಲ್ಲ. 2023ರಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ದಕ್ಷಿಣ ಧ್ರುವದ ಕಡೆಯ ನೆಲದಲ್ಲಿ 23 ಬಾರಿ ಮಣ್ಣನ್ನು ಪರೀಕ್ಷಿಸಿದಾಗ, ಚಂದ್ರನ ಮೇಲ್ಪದರದ ಅನಾರ್ಥೊಸೈಟ್ ಶಿಲೆಯ ಪುಡಿಯೇ ಬಹುಪಾಲು ಕಂಡಿತು. ಅದರೊಂದಿಗೆ ಮೆಗ್ನೀಸಿಯಮ್ ನಿರೀಕ್ಷೆಗಿಂತ ಹೆಚ್ಚಿತ್ತು. ಸುಮಾರು 350 ಕಿ.ಮೀ. ದೂರದ ದಕ್ಷಿಣ ಧ್ರುವ–ಐಟ್ಕೆನ್ ಎಂಬ ಮಹಾಕುಳಿ ಉಂಟಾದಾಗ ಒಳಪದರಗಳಿಂದ ಸಿಡಿದ ಶಿಲೆ ಇಲ್ಲಿಯವರೆಗೆ ಬಂದು ಬೆರೆತಿದೆ ಎಂಬುದು ನಮ್ಮ ವಿಜ್ಞಾನಿಗಳು ಅದಕ್ಕೆ ಕೊಟ್ಟಿರುವ ವಿವರಣೆ.